ಟೈರಿನ ಮುಂದಿನ ಹಳದಿ ಗುಂಡು

ಮುಚ್ಚಿಟ್ಟಿದ್ದ ಕಾರಿನ ಮುಖ ಬೆಳಗಾಗುವಷ್ಟರಲ್ಲಿ ಊರೂರಿನ ಫೋನುಗಳಲ್ಲಿ ಬಯಲಾಗಿತ್ತು.

ಅದು ಇನ್ನೂ ಮಾರಾಟಕ್ಕೆ ಬಾರದ ಎಲೆಕ್ಟ್ರಿಕ್ ಕಾರು. ಬಿಸಿಲಿನಲ್ಲಿ ಓಡಿಸಿ ಪರೀಕ್ಷಿಸಲು ಕಂಪನಿಯವರು ಕುಷ್ಟಗಿಗೆ ತಂದು, ದಾಳಿಂಬೆ ತುಂಬುವ ಹಳೆಯ ಶೆಡ್ಡಿನಲ್ಲಿ ಇಟ್ಟಿದ್ದರು. ಹೊರಗೆ ಹೋಗುವಾಗ ಮೈತುಂಬ ಕಪ್ಪು-ಬಿಳಿ ಹೊದಿಕೆ. ಈಗ ಗಂಗಾವತಿಯ ಕಾರು ಹುಚ್ಚರ ವಾಟ್ಸಾಪ್ ಗುಂಪಿನಲ್ಲಿ ಅದರ ಬರಿಮುಖದ ಫೋಟೋ! ಹಾಕಿದವನ ಹೆಸರು 'ಬಿಸಿಲ ಹದ್ದು'. ಯಾರವನು?

ಗುಂಪಿನಲ್ಲಿ ವಾದ ನಿಂತಿರಲಿಲ್ಲ.

"ಲೈಟ್ ನೋಡ್ರಿ, ಬೆಕ್ಕಿನ ಕಣ್ಣಂಗ ಅದಾವು!"

"ಟೈರಿನ ಮುಂದ ಹಳದಿ ಗುಂಡು ಏನಲೇ ಅದು?"

"ಸೆನ್ಸರ್ ಐತಿ. ರಸ್ತಾದಾಗಿನ ತೆಗ್ಗು ನೋಡತೈತಿ."

"ನಮ್ಮ ರಸ್ತಾ ನೋಡಿದ್ರ ಕಣ್ಣು ಮುಚ್ಕೊಂತೈತಿ ಬಿಡು!"

ಶೆಡ್ಡಿನಲ್ಲಿ ಮಾತ್ರ ಯಾರೂ ನಗಲಿಲ್ಲ. ಚಾಲಕ ಹಾಲೇಶನ ನೌಕರಿ ಸಂಜೆಗೆ ಹೋಗುವುದರಲ್ಲಿತ್ತು. ಶೆಡ್ಡಿನ ಕೀಲಿ ಇದ್ದದ್ದು ಅವನ ಬಳಿ. ತನಿಖೆಗೆ ಕಂಪನಿ ಕಳಿಸಿದ ನಾಹೀದಾ ಕಾರಿನ ಜೊತೆಗಿದ್ದ ಮೂವರನ್ನೂ ಎದುರಿಗೆ ಕೂರಿಸಿ, ಫೋನುಗಳನ್ನು ಮೇಜಿನ ಮೇಲೆ ಇಡಿಸಿದಳು.

"ಕಾರಿನ ಮುಖದ ಹೊದಿಕಿ ಯಾವಾಗ ತಗದಿದ್ರಿ?"

"ಒಂದ ಸಲ," ಎಂದಳು ಎಂಜಿನಿಯರ್ ವಾಣಿಶ್ರೀ. "ಅಮಾಸಿ ಮುಂಜಾನೆ, ಲೈಟ್ ಬದಲಿ ಮಾಡಾಕ. ಮುಗಿಸಿ ನಾ ಚಾ ಕುಡ್ಯಾಕ ಹೋದೆ. ಬಂದು ಮತ್ತ ಮುಚ್ಚಿಸಿದೆ. ಅವತ್ತು ನಾವು ಮೂರು ಮಂದಿ ಬಿಟ್ರ ಯಾರೂ ಬಂದಿಲ್ಲ."

"ಆಗ ಒಳಗ ಯಾರಿದ್ರು?"

"ನಾ ಒಬ್ಬನ ಇದ್ದೆ ರೀ," ಎಂದ ಹಾಲೇಶ. ತಲೆ ಎತ್ತಲಿಲ್ಲ.

ಜೊತೆ ಚಾಲಕ ಕಲ್ಲೇಶ ನಿಟ್ಟುಸಿರು ಬಿಟ್ಟ. "ನಾ ಗೇಟಿನ ಕಡೆ ಇದ್ದೆ ರೀ ಮೇಡಂ. ಒಂದ ತಾಟಿನ್ಯಾಗ ಉಂಡೋರು ನಾವು, ಹೇಳಾಕ ನಾಚಿಕಿ ಬರತೈತಿ. ಆದರ ಅವ ಬಿಟ್ರ ಇನ್ಯಾರು ತಗೀತಾರ?"

ಹಾಲೇಶ ಅವನನ್ನು ನೋಡಿದ — ನೋಡುತ್ತಲೇ ಇದ್ದ.

ನಾಹೀದಾ ಫೋಟೋವನ್ನು ಹಿಗ್ಗಿಸಿದಳು.

"ಎಲ್ಲಾರೂ ಲೈಟ್ ನೋಡ್ಯಾರ. ಕೆಳಗ ಯಾರೂ ಸರಿಯಾಗಿ ನೋಡಿಲ್ಲ. ಇದು ಸೆನ್ಸರ್ ಅಲ್ಲ, ಲಿಂಬಿಹಣ್ಣು."

"ಲಿಂಬಿಹಣ್ಣಾ?" ವಾಣಿಶ್ರೀ ಎದ್ದು ನಿಂತಳು. "ಈ ಗಾಡಿಗೆ ಪೂಜಿ ಮಾಡಿದ್ರ ನೌಕರಿ ಇಲ್ಲ ಅಂತ ಹೇಳಿದ್ದೆ!"

"ಅದಕ್ಕ ನೀವಿಲ್ಲದಾಗ ಡ್ರೈವರ್ ಇಟ್ಟಾನ. ಅಮಾಸಿ ದಿನ ಲಿಂಬಿಹಣ್ಣು ತುಳಿಸದ ಗಾಡಿ ಹೊರಗ ತಗಿಯೋ ಜೀವ ಅಲ್ಲ ಅದು. ಈಗ ಕಾರಿನ ಅಡ್ಯಾಗ ನೋಡ್ರಿ. ಹಿಂದಿನ ಗಾಲಿಗೆ ಇನ್ನೊಂದು ಹಣ್ಣು ಇಡೋ ಕೈ ಕಾಣತೈತಿ. ಕೈಯಾಗ ತಾಮ್ರದ ಕಡಗ."

ಹಾಲೇಶನ ಮುಂಗೈಯಲ್ಲಿ ಅದೇ ಕಡಗ.

"ಹಿಂದ ಕುಂತು ಹಣ್ಣು ಇಡೋನು ಮುಂದ ನಿಂತು ಫೋಟೋ ಹೆಂಗ ತಗೀತಾನ? ಒಳಗ ಇನ್ನೊಬ್ಬರು ಇದ್ರು. ವಾಣಿಶ್ರೀ ಮುಂದ ಇವ ಲಿಂಬಿಹಣ್ಣು ಹೊರಗ ತಗಿಯಂಗಿಲ್ಲ. ಉಳಿದವ್ರು ಯಾರು, ಕಲ್ಲೇಶ?"

ಕಲ್ಲೇಶ ಕುರ್ಚಿಯನ್ನು ಹಿಂದಕ್ಕೆ ಸರಿಸಿದ. "ಸುಮ್ಮನ... ಗುಂಪಿನ್ಯಾಗ ಎಲ್ಲಾರೂ ನನ್ನ ಬಾಡಿಗಿ ಡ್ರೈವರ್ ಅಂತಿದ್ರು. ಒಂದ ಸಲ ಹುಲಿ ಅನಿಸ್ಕೋಬೇಕು ಅನಿಸ್ತು. ಇಷ್ಟು ದೊಡ್ಡದಾಕ್ಕೈತಿ ಅಂತ ಗೊತ್ತಿರಲಿಲ್ಲ ರೀ."

"ನೀ ಯಾಕ ಹೇಳಲಿಲ್ಲ?" ನಾಹೀದಾ ಹಾಲೇಶನತ್ತ ತಿರುಗಿದಳು.

"ಪೂಜಿಗೆ ಅವನನ್ನ ಕರದಾವ ನಾನ ರೀ. ಶಟರ್ ಎಳದು ಒಳಗ ಕಾಯ್ಕೊಂಡು ನಿಂದ್ರು ಅಂದಿದ್ದೆ. ಹೆಸರು ಹೇಳಿದ್ರ ಅವನ ನೌಕರಿನೂ ಹೋಗತಿತ್ತು. ಫೋಟೋ ಯಾರೋ ಕಿಡಕ್ಯಾಗಿಂದ ತಗದಾರ ಅನ್ಕೊಂಡೆ."

"ದೋಸ್ತ..." ಕಲ್ಲೇಶ ಕೈ ಚಾಚಿದ.

ಅಷ್ಟರಲ್ಲಿ ಮೇಜಿನ ಮೇಲಿದ್ದ ಅವನ ಫೋನು ಬೆಳಗಿತು. ಹಾಲೇಶ ಬಗ್ಗಿ ಓದಿದ: 'ಬಿಸಿಲ ಹದ್ದು ಅಣ್ಣಾ, ನೀ ಹುಲಿ! ಇನ್ನೊಂದು ಫೋಟೋ ಹಾಕು!'

ಫೋನನ್ನು ಎತ್ತಿ, ಚಾಚಿದ ಆ ಕೈಯಲ್ಲಿಟ್ಟ.

"ಹಾಕು. ಕಾಯಾಕತ್ತಾರ."