ಹೆಸರಿಲ್ಲದ ರಿಬ್ಬನ್

"ಎಲ್ಲಕ್ಕಿಂತ ದೊಡ್ಡ ಹೂಚಕ್ರ ಕಟ್ಟು, ಫಿಲೊಮೆನಾ. ರಿಬ್ಬನ್ ಮೇಲಿನ ಹೆಸರು ಆಮೇಲೆ ಹೇಳ್ತೀನಿ."

ಕಲೋಜೆರೊ ಅವಳ ಹೂವಿನಂಗಡಿಯಲ್ಲಿ ಹ್ಯಾಟು ತೆಗೆದು ನಿಂತಿದ್ದ. ಫಿಲೊಮೆನಾ ಕತ್ತರಿ ಕೆಳಗಿಟ್ಟಳು.

ಷಿಕಾಗೋದ ಅವರ ಬೀದಿಯಲ್ಲಿ ಮಕ್ಕಳಿಗೂ ಗೊತ್ತಿತ್ತು: ಶವಯಾತ್ರೆಗೆ ಎಲ್ಲರಿಗಿಂತ ದೊಡ್ಡ ಹೂಚಕ್ರ ಕಳಿಸಿದವನೇ ಕೊಂದವನು. ಆರು ವರ್ಷದ ಹಿಂದೆ ಕಳ್ಳಸಾರಾಯಿ ಲಾರಿ ಓಡಿಸುತ್ತಿದ್ದ ಕಲೋಜೆರೊ ಮೊದಲ ಚಕ್ರ ಕಳಿಸಿದ್ದು ಅನ್ನ ಹಾಕಿದ ಒಡೆಯನಿಗೇ. ಆಮೇಲೆ ಇನ್ನೂ ಹನ್ನೊಂದು. ಈಗ ಇಡೀ ಬೀದಿ ಅವನದು.

ಅಷ್ಟನ್ನೂ ಕಟ್ಟಿದ್ದು ಇವಳ ಕೈ. ಒಂದು ದಿನ ತಾಳಲಾರದೆ ಅವನು ತೊಡಿಸಿದ್ದ ನಿಶ್ಚಿತಾರ್ಥದ ಉಂಗುರ ಹಿಂದಿರುಗಿಸಿದ್ದಳು. ಅವನಿಗೆ ಕೊಟ್ಟ ಮನಸ್ಸು ಮಾತ್ರ ಹಿಂದಿರುಗಲಿಲ್ಲ.

ಇವತ್ತು ಯಾರಿಗೆ…?

ತನ್ನ ತಮ್ಮ ಗಸ್ಪಾರೆಗೆ! ಕಲೋಜೆರೊನ ಗುಂಪಿನ ಬಗ್ಗೆ ಅವನು ಪೊಲೀಸರ ಮುಂದೆ ಬಾಯಿಬಿಟ್ಟ ಸುದ್ದಿ ನಿನ್ನೆಯೇ ಹಬ್ಬಿತ್ತು. ಬೆಳಗಿನಿಂದ ಅವನು ಮನೆಯಲ್ಲಿಲ್ಲ.

ಬಿಳಿ ಲಿಲ್ಲಿ ಹೂಗಳನ್ನು ಒಂದೊಂದಾಗಿ ತಂತಿಗೆ ಸಿಕ್ಕಿಸಿದಳು. ಕೊನೆಯ ಹೂವನ್ನು ಮೇಜಿನ ಮೇಲೆ ಎಸೆದಳು.

"ನನ್ನ ತಮ್ಮನ ಹೆಣಕ್ಕೆ ನನ್ನ ಕೈಯಲ್ಲೇ ಹೂ ಕಟ್ಟಿಸ್ತೀಯಾ? ನೀನು ಮನುಷ್ಯನಾ?"

"ಗಸ್ಪಾರೇನ ಬೆಳಗಿನ ರೈಲು ಹತ್ತಿಸಿ ಬಂದೆ ಕಣೇ. ನಿಮ್ಮ ಚಿಕ್ಕಮ್ಮನ ಊರಿಗೆ."

"ಹಂಗಾದ್ರೆ ಇದು…"

"ನನಗೆ." ಅವನು ನಗಲು ನೋಡಿದ. "ಬಾಯಿಬಿಟ್ಟವನನ್ನ ಉಳಿಸಿದವನು ಉಳೀಬಾರದು. ಹುಡುಗರಿಗೆ ನಾನೇ ಕಲಿಸಿದ ಪಾಠ. ಕೊಂದವರು ಕಳಿಸೋ ಹೂ ಬೇಡ ನನಗೆ, ಫಿಲೊಮೆನಾ. ನೀನು ಕೊಟ್ಟಿದ್ದು ಸಾಕು."

ಗಾಜಿನಾಚೆ ಅವನ ಹುಡುಗರಿಬ್ಬರು ಕಾರಿಗೊರಗಿ ಅವನು ಹೊರಬರುವುದನ್ನೇ ಕಾಯುತ್ತಿದ್ದರು.

ಅವಳು ಚಕ್ರದಿಂದ ಲಿಲ್ಲಿಗಳನ್ನು ಬಿಡಿಸಿ, ಹೆಸರು ಬರೆಯದ ರಿಬ್ಬನ್ನಿನಿಂದಲೇ ಒಂದು ಗೊಂಚಲು ಕಟ್ಟಿದಳು. ಅವರ ಚರ್ಚಿನಲ್ಲಿ ಮದುಮಗಳು ಹಿಡಿಯುವುದೂ ಇದೇ ಹೂವನ್ನು.

"ಹನ್ನೆರಡು ಮನೆಯ ಕಣ್ಣೀರು ನಿನ್ನ ಮೇಲಿದೆ. ಹೂ ಕಟ್ಟಿ ಹೊಟ್ಟೆ ಹೊರೆದ ನನ್ನ ಮೇಲೂ ಇದೆ. ಸತ್ತು ತಪ್ಪಿಸಿಕೊಳ್ಳಬೇಡ. ಹಿತ್ತಲ ಬಾಗಿಲಿದೆ, ನಡಿ ಪೊಲೀಸ್ ಠಾಣೆಗೆ. ನಾನೂ ಬರ್ತೀನಿ."

"ಗಲ್ಲಿಗೆ ಹಾಕಿದ್ರೆ?"

"ಇದನ್ನ ನಿನ್ನ ಮಣ್ಣಿನ ಮೇಲೆ ಇಡ್ತೀನಿ. ಜೈಲಾದ್ರೆ, ಬಿಡುಗಡೆ ದಿನ ಇದನ್ನ ಹಿಡ್ಕೊಂಡು ಬಾಗಿಲಲ್ಲಿ ನಿಂತಿರ್ತೀನಿ."

ಅವನು ಗೊಂಚಲನ್ನು ಮೆಲ್ಲಗೆ ಮುಟ್ಟಿದ. "ಅಷ್ಟರಲ್ಲಿ ಬಾಡಿರುತ್ತಲ್ಲೇ…"

"ಬಾಡಲಿ. ಹೊಸದು ಕಟ್ತೀನಿ. ಅದೇ ಅಲ್ವಾ ನನ್ನ ಕೆಲಸ?"

ಅವಳು ಹಿತ್ತಲ ಬಾಗಿಲ ಚಿಲಕ ತೆಗೆದಳು.