ಬೀರುವಿನ ಹಿಂದಿನ ಗೆರೆಗಳು

“ಮೇಷ್ಟ್ರೇ, ಆ ಸ್ಕ್ರೂಗಳನ್ನ ನಾನೇ ಕೈಯಾರೆ ಬಿಗಿ ಮಾಡಿದ್ದೆ. ಈಗ ಕೆಲಸದಿಂದ ತೆಗೀತೀವಿ ಅಂತಾರೆ,” ಎಂದು ಬಡಗಿ ನಮ್ಮ ಹೊಸ್ತಿಲಲ್ಲೇ ಕುಸಿದು ಕುಳಿತ.

ನಿವೃತ್ತ ಮೇಷ್ಟ್ರಾದ ನನ್ನ ಸೋದರಮಾವನ ಬಳಿಗೆ ಜನ ಇಂಥ ಕಗ್ಗಂಟುಗಳನ್ನು ಹೊತ್ತು ಬರುವುದು ಹೊಸದಲ್ಲ. ಅವರ ಬೆನ್ನಿಗೆ ನಾನಿರುವುದೂ ಹೊಸದಲ್ಲ. ಸಂಗತಿ ಇಷ್ಟು: ಹೊಲಿಗೆ ಕಾರ್ಖಾನೆಯಲ್ಲಿ ಊಟದ ವಿರಾಮ ಮುಗಿಯುವ ಮೊದಲೇ, ಕೆಲಸಗಾರರಿಗೆ ಮುನ್ಸೂಚನೆಯಿಲ್ಲದೆ, ಭೂಕಂಪದ ತಾಲೀಮಿನ ಗಂಟೆ ಮೊಳಗಿತ್ತು. ಎಲ್ಲರೂ ಮೇಜಿನಡಿ ನುಸುಳಿ ತಲೆ ಮುಚ್ಚಿಕೊಂಡಿದ್ದಾಗ, ಕಬ್ಬಿಣದ ಪಟ್ಟಿಯಿಂದ ಗೋಡೆಗೆ ಬಿಗಿದಿದ್ದ ಬೀರು ಮೇಲ್ವಿಚಾರಕನ ಮೇಲುರುಳಿ ಅವನ ಭುಜ ಮುರಿಯಿತು. ಪಟ್ಟಿ ಹಾಕಿದವನು ಬಡಗಿ. ಹಿಂದಿನ ವಾರ ಮೇಲ್ವಿಚಾರಕನೊಡನೆ ಜಗಳವಾಡಿದವನೂ ಅವನೇ.

ನಾವು ಹೋದಾಗ ಬೀರು ಬಿದ್ದಲ್ಲೇ ಇತ್ತು. ಅದರ ಹಿಡಿ ಕಿತ್ತು ಬಂದಿತ್ತು. ಸ್ಕ್ರೂಗಳು ಮುರಿದಿರಲಿಲ್ಲ, ಕಿಟಕಿಯ ಕಟ್ಟೆಯ ಮೇಲೆ ಗುಂಡಿ ಡಬ್ಬಿಯ ಮುಚ್ಚಳವೊಂದರಲ್ಲಿದ್ದವು. ಧೂಳು ಹಿಡಿದ ಗೋಡೆಯ ಒಂದು ಭಾಗವನ್ನು ಮಾತ್ರ ಯಾರೋ ಒದ್ದೆ ಬಟ್ಟೆಯಿಂದ ಒರೆಸಿದ್ದರು. ಅಲ್ಲಿ ಸುಟ್ಟು ಕಂದಿದ ನೂಲೆಳೆಗಳು ಅಂಟಿದ್ದವು. ನನ್ನ ಸೊಂಟದಿಂದ ಮೇಲಕ್ಕೆ ಪೆನ್ಸಿಲ್ಲಿನ ಹಳೆಯ ಅಡ್ಡಗೆರೆಗಳಿದ್ದವು. ಭುಜದ ಮಟ್ಟದಲ್ಲಿ ಒಂದು ಹೊಸದು. ಎಲ್ಲರೂ ‘ಇಸ್ತ್ರಿಯಕ್ಕ’ ಎಂದು ಕರೆಯುವ ಹೆಂಗಸು ನಮಗೆ ನೀರು ತಂದಿಟ್ಟು, ಗೋಡೆಯತ್ತ ನೋಡದೆ ಹೋದಳು.

ಮರುದಿನ ಮಾವ ಎಲ್ಲರನ್ನೂ ಅಲ್ಲೇ ಸೇರಿಸಿದರು.

“ಕೊಲ್ಲಬಯಸುವವನು ಸ್ಕ್ರೂಗಳನ್ನು ಜೋಪಾನವಾಗಿ ಎತ್ತಿಡುವುದಿಲ್ಲ. ಕಳಚಿದವರು ಮತ್ತೆ ಬಿಗಿಯುವವರಿದ್ದರು, ಅಷ್ಟರಲ್ಲಿ ಗಂಟೆಯಾಯಿತು. ಒದ್ದೆಯಾಗಿಯೂ ಸುಟ್ಟೂ ಇರುವ ಬಟ್ಟೆ ಇಲ್ಲಿ ಇಸ್ತ್ರಿ ಮೇಜಿನ ಮೇಲೆ ಮಾತ್ರ ಇದೆ. ಈ ಗೆರೆಗಳು ಯಾರ ಎತ್ತರ ತಾಯೀ?”

ಇಸ್ತ್ರಿಯಕ್ಕ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. “ಮಗಳದು. ಇಲ್ಲೇ ನನ್ನ ಜೊತೆ ಇರ್ತಿದ್ಲು. ಅವರಪ್ಪ ಕರ್ಕೊಂಡು ಹೋದ. ಎಲ್ಲಿಗೆ ಅಂತ ತಿಳೀಲಿಲ್ಲ. ಆಮೇಲೆ ಆ ಜಾಗಕ್ಕೆ ಬೀರು ಬಂತು. ಅವಳು ಹುಟ್ಟಿದ ದಿನ ಬಂದಾಗ ಸ್ಕ್ರೂ ಕಳಚಿ ಬೀರು ಸರಿಸಿ, ಈಗ ಇಷ್ಟು ಆಗಿರ್ಬೇಕು ಅಂತ ಅಂದಾಜಲ್ಲಿ ಒಂದು ಗೆರೆ ಎಳೀತೀನಿ. ಗಂಟೆ ಆದದ್ದೂ ಅದೇ ದಿನ.”

ಮಾವನ ಧ್ವನಿ ತಗ್ಗಲಿಲ್ಲ. ಹಂಬಲ ಅಪರಾಧವಲ್ಲ, ಆದರೆ ಇನ್ನೊಬ್ಬನ ಅನ್ನಕ್ಕೆ ಕಲ್ಲು ಬೀಳುವಾಗ ಬಾಯಿ ಮುಚ್ಚಿಕೊಂಡಿದ್ದುದು ಅಪರಾಧ ಎಂದರು. ಆಕೆ ಬಡಗಿಯತ್ತ ತಿರುಗಿ, “ತಪ್ಪಾಯ್ತು ಕಣಣ್ಣಾ,” ಎಂದಳು.

ಆಮೇಲೆ ಮಾವ, ಕೈಯನ್ನು ಕೊರಳಿಗೆ ಕಟ್ಟಿಕೊಂಡು ಬಂದಿದ್ದ ಮೇಲ್ವಿಚಾರಕನನ್ನು ದಿಟ್ಟಿಸಿದರು. “ಗಂಟೆಗೆ ಮುನ್ನ ಪ್ರತಿಯೊಂದು ಬೀರುವನ್ನೂ ಅಲುಗಾಡಿಸಿ ನೋಡುವುದು ನಿಮ್ಮ ಕರ್ತವ್ಯ. ನೋಡಲಿಲ್ಲ. ಎಲ್ಲರನ್ನೂ ಮೇಜಿನಡಿ ಕೂರಿಸಿ, ತಾವು ಮಾತ್ರ ಈ ಕಿತ್ತು ಬಂದ ಹಿಡಿಗೆ ಜೋತುಬಿದ್ದು ನಿಂತಿರಿ. ಭೂಮಿ ನಡುಗಿದರೆ ಅಧಿಕಾರಿಗೊಂದು, ಆಳಿಗೊಂದು ಎಂದು ನಡುಗುವುದಿಲ್ಲ.”

ಸಂಜೆ ಬೀರುವನ್ನು ಎದುರು ಗೋಡೆಗೆ ಬಿಗಿದಾಗ, ಗಟ್ಟಿಯಿದ್ದ ಕೈಯಿಂದ ಮೇಲ್ವಿಚಾರಕನೇ ಅದನ್ನು ಅಲುಗಾಡಿಸಿ ನೋಡಿದ.

ಬಡಗಿ ಆ ಗೆರೆಗಳ ಮುಂದೆ ಬಂದು ನಿಂತ. ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಇಸ್ತ್ರಿಯಕ್ಕನಿಗೆ ಕೊಟ್ಟ. “ಅಕ್ಕಾ, ನಿನ್ನ ಅಂದಾಜು ಗಿಡ್ಡ ಆಯ್ತೇನೋ. ಆ ವಯಸ್ಸಲ್ಲಿ ಮಕ್ಕಳು ಬಿದಿರಿನ ಹಾಗೆ ಏಳ್ತವೆ.”

ಆಕೆ ಪೆನ್ಸಿಲ್ಲನ್ನು ಇನ್ನಷ್ಟು ಮೇಲೆ, ತನ್ನ ಕಣ್ಣಿನ ಮಟ್ಟಕ್ಕೆ ಒತ್ತಿ ಹಿಡಿದಳು. ಗೆರೆ ಎಳೆದಾದ ಮೇಲೂ ಆ ಕೈ ಕೆಳಗಿಳಿಯಲಿಲ್ಲ.