ಪಚ್ಚ ಡಬ್ಬಿ

ಗ್ಯಾರೇಜಿನ ಮೇಸ್ತ್ರಿ ಯಾದಗಿರಿ ವ್ಯಾನಿನ ರೇಡಿಯೇಟರಿನ ಮುಚ್ಚಳ ತೆಗೆದು ಎರಡು ಬೆರಳು ಒಳಗೆ ಹಾಕಿದ. ಬೆರಳಿಗೆ ಅಂಟಿಕೊಂಡು ಬಂದದ್ದು ನೀರೂ ಅಲ್ಲ, ಎಣ್ಣೆಯೂ ಅಲ್ಲ. ಹಳಸಿದ ಅಂಬಲಿಯಂಥ ಕಂದು ಗಂಜಿ. ಅದನ್ನು ಬಾಗಿಲ ಬಿಸಿಲಿಗೆ ಹಿಡಿದು ಎಲ್ಲರಿಗೂ ತೋರಿಸಿದ.

ಎಂಜಿನ್ ತಂಪಾಗಿಡುವ ಕೂಲಂಟನ್ನು ಎರಡು ನಮೂನೆ ಕೂಡಿಸಿದ್ದಾರೆ ಎಂದು ತೆಲುಗಿನಲ್ಲಿ ಹೇಳಿದ. ಈ ವ್ಯಾನಿಗೆ ಹಳದಿ ಕೂಲಂಟ್. ಅದರ ಮೇಲೆ ಯಾರೋ ಹಸಿರು ಸುರಿದಿದ್ದಾರೆ. ಬಣ್ಣವಷ್ಟೇ ಬೇರೆಯಲ್ಲ, ಒಳಗಿನ ಮದ್ದೇ ಬೇರೆ. ಒಂದಕ್ಕೊಂದು ಒಗ್ಗದೆ ಹೆಪ್ಪುಗಟ್ಟಿ ರೇಡಿಯೇಟರಿನ ಸಣ್ಣ ನಾಳಗಳನ್ನೆಲ್ಲ ಮುಚ್ಚಿಬಿಟ್ಟಿವೆ. ನಿನ್ನೆ ರಿಂಗ್ ರೋಡಿನ ನಡುವೆ ಎಂಜಿನ್ ಕುದಿದು ನಿಂತದ್ದು ಅದಕ್ಕೇ.

ಬಂಡೆಪ್ಪ ಮಗಳು ಸುವರ್ಣಾಳ ಮುಖ ನೋಡಿದರು. ಅವಳಿಗೆ ವ್ಯಾನಿನ ಕೀಲಿ ಕೊಟ್ಟ ದಿನ ಅವರು ಹೇಳಿದ್ದು ಒಂದೇ ಮಾತು: ನಿನ್ನ ಕೈಯಿಂದ ಒಂದು ತಪ್ಪಾದರೆ ಕೀಲಿ ವಾಪಸು. ಹೆಣ್ಣುಮಗಳು ಗಾಡಿ ಓಡಿಸುತ್ತಾಳೆಂದು ಬಳಗದವರು ಆಡಿದ ಮಾತುಗಳನ್ನೆಲ್ಲ ನುಂಗಿಕೊಂಡ ಮನುಷ್ಯ ಅವರು. ಅದಕ್ಕಿಂತ ಹೆಚ್ಚು ನುಂಗುವ ಶಕ್ತಿ ಅವರಿಗಿರಲಿಲ್ಲ.

ಅವಳು ಬಾಯಿ ತೆರೆಯುವ ಮೊದಲೇ, ದಿನಾ ಅವಳ ವ್ಯಾನಿನಲ್ಲಿ ಫ್ಯಾಕ್ಟರಿಗೆ ಹೋಗುವ ವಿಜಯಕುಮಾರ ಮುಂದೆ ಬಂದ.

"ನಾ ಹಾಕಿದ್ದು, ಕಾಕಾರ. ನಂದ ತಪ್ಪು."

ಅವಳಿಗೆ ಮೈ ಉರಿದುಹೋಯಿತು. ಅಂದು ಪಟಾನ್‌ಚೆರುವಿನ ಕ್ಯಾಂಟೀನಿನ ಬಾಗಿಲಲ್ಲಿ ನಿಂತು, ಕೂಲಂಟ್ ಹಾಕಿ ಎಂದು ಅವನಿಗೆ ಹೇಳುವಾಗ, ಯಾವ ಡಬ್ಬಿ ಎಂದೂ ಬಾಯಿ ಬಿಟ್ಟು ಹೇಳಿದ್ದಳಲ್ಲ. "ಕಣ್ಣು ಎಲ್ಲಿ ಇಟ್ಟಿದ್ರಿ?" ಎಂದಳು, ಎಲ್ಲರ ಮುಂದೆ. "ಒಂದ ಡಬ್ಬಿ ನೋಡಿ ಹಾಕಾಕ ಬರಾಂಗಿಲ್ಲಂದ್ರ ನೀವು ಬದುಕಿನಾಗ ಏನ್ ನೋಡ್ತೀರಿ?"

ವಿಜಯಕುಮಾರ ತಲೆ ಎತ್ತಿ ಅವಳನ್ನು ನೋಡಿದ. ತಪ್ಪು ಮಾಡಿದವನ ನೋಟ ಅದಾಗಿರಲಿಲ್ಲ. ನಂಬಿದವರ ಕೈಯಿಂದಲೇ ಪೆಟ್ಟು ತಿಂದವನ ನೋಟ. ಅದು ಅವಳಿಗೆ ಅಂದು ತಿಳಿಯಲಿಲ್ಲ.

ಇನ್ನು ತಮ್ಮ ಗಾಡಿ ಹತ್ತಬೇಡ ಎಂದು ಬಂಡೆಪ್ಪ ಅವನಿಗೆ ಹೇಳಿದರು. ಅವನು ಹೂಂ ಎಂದು ನಡೆದುಹೋದ.

ಆ ಗಾಡಿಯಲ್ಲೇ ಅವರಿಬ್ಬರ ಕಥೆ ಹುಟ್ಟಿದ್ದು. ಸುವರ್ಣಾಳದು ತೆಲುಗಿನ ಈ ಊರಿನಲ್ಲಿ ಬಹುಕಾಲದಿಂದ ನೆಲೆಸಿದ ಕನ್ನಡದ ಮನೆ. ತಾಯಿ ಸುಂದರಾಬಾಯಿ ಕುಷಾಯಿಗೂಡದ ಮನೆಯಲ್ಲಿ ಜೋಳದ ರೊಟ್ಟಿ ಮಾಡಿಸುತ್ತಾರೆ. ಆ ರೊಟ್ಟಿಯನ್ನು ಪಟಾನ್‌ಚೆರುವಿನ ಫ್ಯಾಕ್ಟರಿ ಕ್ಯಾಂಟೀನುಗಳಿಗೆ ಮುಟ್ಟಿಸುವುದು ಸುವರ್ಣಾಳ ಕೆಲಸ. ವಿಜಯಕುಮಾರ ಬಾಗಲಕೋಟೆಯಿಂದ ಬಂದು, ಮಲ್ಕಾಜ್‌ಗಿರಿಯಲ್ಲಿರುವ ಸೋದರತ್ತೆ ಶಾರದಾಬಾಯಿಯವರ ಮನೆಯಲ್ಲಿದ್ದುಕೊಂಡು, ಪಟಾನ್‌ಚೆರುವಿನದೇ ಒಂದು ಔಷಧ ಫ್ಯಾಕ್ಟರಿಗೆ ಹೋಗುತ್ತಿದ್ದ. ಹುಡುಗನಿಗೆ ತೆಲುಗು ಬಾರದು, ಬಸ್ಸಿನಲ್ಲಿ ದಾರಿ ತಪ್ಪುತ್ತಾನೆ, ಸ್ವಲ್ಪ ಕೂರಿಸಿಕೊಂಡು ಹೋಗವ್ವ ಎಂದು ಶಾರದಾಬಾಯಿ ಕೇಳಿಕೊಂಡಿದ್ದರು.

ಮೊದಲ ವಾರ ಅವನು ಮಡಿಲಲ್ಲಿ ಊಟದ ಡಬ್ಬಿ ಇಟ್ಟುಕೊಂಡು ಕಿಟಕಿಯ ಆಚೆಗೇ ನೋಡುತ್ತಿದ್ದ. ಎರಡನೆಯ ವಾರ ಅವಳು ಒಳಗಿನ ಕನ್ನಡಿಯನ್ನು ಸ್ವಲ್ಪ ತಿರುಗಿಸಿದಳು. ಹಿಂದಿನ ಗಾಡಿ ಕಾಣಲಿಲ್ಲ, ಅವನ ಕಿವಿ ಮಾತ್ರ ಕಂಡಿತು. ಆ ಕಿವಿ ಕೆಂಪಾಯಿತು.

"ಹಿಂದ ಲಾರಿ ಬಂದ್ರ ಹೆಂಗ ನೋಡ್ತೀರಿ?" ಎಂದು ಅವನು ಮೆಲ್ಲಗೆ ಕೇಳಿದ್ದ.

"ಲಾರಿ ಹಾರ್ನ್ ಹೊಡೀತಾವು. ನೀವು ಬಾಯೇ ಬಿಡಾಂಗಿಲ್ಲ, ಅದಕ್ಕ ನಿಮ್ಮನ್ನ ನೋಡಬೇಕಾಗ್ತದ."

ಅಂದಿನಿಂದ ಅವನು ಬಾಯಿ ಬಿಟ್ಟ. ಅವಳು ದಾರಿಯುದ್ದಕ್ಕೂ ತೆಲುಗು ಕಲಿಸಿದಳು, ಅವನು ತಪ್ಪು ಹೇಳಿ ನಗಿಸಿದ. ಬೇಕೆಂದೇ ತಪ್ಪು ಹೇಳುತ್ತಾನೆಂದು ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆಯೆಂದು ಅವನಿಗೂ ಗೊತ್ತಿತ್ತು. ಪ್ರೀತಿ ಎಂಬ ಮಾತು ಯಾರ ಬಾಯಿಂದಲೂ ಬಂದಿರಲಿಲ್ಲ. ಬರುವ ಹಬ್ಬಕ್ಕೆ ಅತ್ತೆಯನ್ನು ಕರೆದುಕೊಂಡು ನಿಮ್ಮ ಮನೆಗೆ ಬರುತ್ತೇನೆ ಎಂದು ಒಂದು ದಿನ ಅವನು ಹೇಳಿದಾಗ, ಅವಳು ಗೇರ್ ಬದಲಿಸುವುದನ್ನೇ ಮರೆತಿದ್ದಳು.

ಅಷ್ಟರಲ್ಲಿ ಈ ಗಂಜಿ.

ಎಂಜಿನ್ ಬಿಚ್ಚಿಟ್ಟ ದಿನಗಳಲ್ಲಿ ರೊಟ್ಟಿಯ ಬುಟ್ಟಿಗಳು ಬಾಡಿಗೆ ಆಟೋದಲ್ಲಿ ಹೋದವು. ಸುವರ್ಣಾ ಬುಟ್ಟಿಗಳ ನಡುವೆ ಮುದುಡಿಕೊಂಡು ಕೂತು, ಮಲ್ಕಾಜ್‌ಗಿರಿಯ ತಿರುವು ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅವನು ಅಲ್ಲಿ ನಿಂತಿದ್ದರೆ ನೋಡಲಾರಳು, ನಿಂತಿರದಿದ್ದರೆ ತಾಳಲಾರಳು. ಫೋನು ಕೈಗೆತ್ತಿಕೊಂಡು, ಅವನ ಹೆಸರಿನ ಮೇಲೆ ಬೆರಳಿಟ್ಟು, ತಿರುಗಿ ಕೆಳಗಿಡುತ್ತಿದ್ದಳು. ಅವನಾದರೂ ಒಂದು ಮಾತು ಆಡಬಾರದೇ? ಹೀಗಾಯಿತು, ಗಮನವಿರಲಿಲ್ಲ ಎಂದರೆ ಸಾಕಿತ್ತು. ಸಿಟ್ಟು ಬಂದ ಹೆಣ್ಣಿಗೆ ಬೇಕಾಗುವುದು ಕಾರಣ ಅಲ್ಲ, ಒಂದು ನೆವ. ಅದನ್ನೂ ಅವನು ಕೊಡಲಿಲ್ಲ.

ಮೇಲಿಂದ ಮೇಲೆ ಎರಡು ಸುದ್ದಿ ಬಂದವು. ಬೇಗಂ ಬಜಾರಿನ ವ್ಯಾಪಾರಿ ಅಮರೇಶಪ್ಪನವರು ತಮ್ಮ ಮಗನಿಗೆ ಸುವರ್ಣಾಳನ್ನು ಕೇಳಿದ್ದಾರೆ, ಬಂಡೆಪ್ಪ ಸೋಮವಾರ ಮಾತು ಕೊಡುವವರಿದ್ದಾರೆ. ವಿಜಯಕುಮಾರ ಫ್ಯಾಕ್ಟರಿಯಲ್ಲಿ ಹೇಳಿಕೊಂಡು ಬೀದರಿನ ಶಾಖೆಗೆ ಬದಲಿ ಮಾಡಿಸಿಕೊಂಡಿದ್ದಾನೆ, ಭಾನುವಾರ ಹೊರಡುತ್ತಾನೆ. ಎರಡನ್ನೂ ತಾಯಿಯೇ ಹೇಳಿದ್ದು, ಹಿಟ್ಟು ನಾದುತ್ತ, ಮಗಳ ಮುಖ ನೋಡದೆ.

ಶನಿವಾರ ಮಧ್ಯಾಹ್ನ ವ್ಯಾನು ತಯಾರಾಯಿತೆಂದು ಯಾದಗಿರಿ ಕರೆದ. ಒಳಗೆಲ್ಲ ತೊಳೆದು, ಹೊಸ ಹಳದಿ ಕೂಲಂಟ್ ತುಂಬಿದ್ದ. ಸುವರ್ಣಾ ಕೀಲಿ ತಿರುಗಿಸಿದಳು. ಎಂಜಿನ್ ಶುರುವಾಯಿತು. ಕನ್ನಡಿಯಲ್ಲಿ ನೋಡಿದರೆ ರಸ್ತೆಯಾಚೆ ಚಹಾ ಅಂಗಡಿಯ ಪಕ್ಕ ವಿಜಯಕುಮಾರ ನಿಂತಿದ್ದಾನೆ. ಬಾಡಿದ ಮುಖ, ಕೈಯಲ್ಲಿ ಏನೂ ಇಲ್ಲ.

ಅವಳು ಇಳಿದು ರಸ್ತೆ ದಾಟಿದಳು. ಏನಾದರೂ ಕೆಲಸವಿತ್ತೇ ಎಂದು ಕೇಳಿದಳು.

"ಗಾಡಿ ಚಾಲೂ ಆಗ್ತದಂತ ಕೇಳಿದೆ. ಒಂದ ಸಲ ಆವಾಜ್ ಕೇಳಿ ಹೋಗೋಣಂತ ಬಂದೆ."

"ಕೇಳಿದ್ರಲ್ಲ. ಹೋಗ್ರಿ."

ಅವನು ಹೊರಟೇಬಿಟ್ಟ. ಅವಳು ನಿಲ್ಲು ಎಂದುಕೊಂಡದ್ದನ್ನು ಬಾಯಿ ಹೋಗು ಎಂದಿತ್ತು, ಅವನೋ ಬಾಯಿ ಹೇಳಿದ್ದನ್ನೇ ನಂಬಿದ. ಇನ್ನು ನಾಲ್ಕು ಹೆಜ್ಜೆ ನಡೆದರೆ ಈ ಮನುಷ್ಯ ತನ್ನ ಬದುಕಿನಿಂದಲೇ ಹೋಗುತ್ತಾನೆ ಎನ್ನಿಸಿ ಅವಳು ಹಿಂದಿನಿಂದ ಕೂಗಿದಳು.

"ಅವತ್ತ ನಾ ಏನ್ ಹೇಳಿದ್ದೆ ನಿಮಗ? ಅದೊಂದ ಹೇಳಿ ಹೋಗ್ರಿ."

ಅವನು ನಿಂತ. "ಈಗ ಯಾಕದು?"

"ಹೇಳ್ರಿ."

"ಸೀಟಿನ ಹಿಂದ ಎರಡು ಡಬ್ಬಿ ಅದಾವು, ಪಚ್ಚದು ಹಾಕ್ರಿ ಅಂದಿದ್ರಿ."

"ಮತ್ತ ಯಾಕ ಹಾಕಲಿಲ್ಲ?"

ವಿಜಯಕುಮಾರ ಅವಳನ್ನೇ ನೋಡಿದ. "ಹಾಕಿದ್ನಲ್ಲ. ನೀವು ಹೇಳಿದ್ದನ್ನೇ ಹಾಕಿದ್ನಲ್ಲ."

ಅವಳು ಅವನ ತೋಳು ಹಿಡಿದು ವ್ಯಾನಿನ ಹತ್ತಿರ ಕರೆತಂದಳು. ಹಿಂದಿನ ಬಾಗಿಲು ತೆಗೆದಳು. ಎರಡೂ ಡಬ್ಬಿಗಳು ಅಲ್ಲೇ ಇದ್ದವು. ಹಳದಿ ಈ ವ್ಯಾನಿನದು, ಹಸಿರು ಬಂಡೆಪ್ಪನವರ ಹಳೆ ಕಾರಿನದು.

"ಪಚ್ಚದು ಯಾವುದು? ತೋರಸ್ರಿ."

ಅವನು ಹಸಿರು ಡಬ್ಬಿಯ ಮೇಲೆ ಬೆರಳಿಟ್ಟ. ಅನುಮಾನವೇ ಇಲ್ಲದ ಬೆರಳು.

ಸುವರ್ಣಾ ವ್ಯಾನಿನ ಅಂಚಿನ ಮೇಲೆ ಕೂತಳು. ಅವನ ಕಡೆ ಪಚ್ಚ ಎಂದರೆ ಹಸಿರು. ಅವಳ ಮನೆಯಲ್ಲಿ ಹಸಿರಿಗೆ ಹಸರು ಎನ್ನುತ್ತಾರೆ. ಪಚ್ಚ ಎಂದರೆ ಅರಿಶಿಣದ ಬಣ್ಣ, ಊರಿನ ತೆಲುಗಿನವರು ಹೇಳುವ ಹಾಗೆ. ತೆಲುಗಿನ ನೂರು ಮಾತು ಅವನಿಗೆ ಕಲಿಸಿದವಳು ಇದೊಂದನ್ನು ಕಲಿಸಿರಲಿಲ್ಲ, ಅದು ತೆಲುಗು ಎಂದು ಅವಳಿಗೇ ಗೊತ್ತಿರಲಿಲ್ಲ.

"ನಮ್ಮ ಮನ್ಯಾಗ ಪಚ್ಚ ಅಂದ್ರ ಹಳದಿ," ಎಂದಳು. ದನಿ ಅವಳಿಗೇ ಕೇಳಿಸದಷ್ಟು ಸಣ್ಣದಾಗಿತ್ತು. "ಮತ್ತ ನೀವು ಏನ್ ತಿಳಕೊಂಡ್ರಿ? ನಾನ ತಪ್ಪು ಹೇಳಿ, ನಿಮ್ಮ ಮ್ಯಾಲ ಹಾಕಿ ಪಾರಾದೆ ಅಂತನಾ?"

"ಕೀಲಿ ಉಳೀಬೇಕಂತ ಹಂಗ ಮಾಡಿದ್ರಿ ಅಂತ ತಿಳಕೊಂಡೆ. ಉಳೀಲಿ ಅಂತ ನಾನೂ ಸುಮ್ಮನಾದೆ." ಅವನು ರಸ್ತೆಯ ಕಡೆ ಮುಖ ತಿರುಗಿಸಿದ. "ಕೀಲಿ ನಿಮಗ ಎಷ್ಟು ಬೇಕಂತ ನನಗ ಗೊತ್ತೈತಿ. ಆದ್ರ ಎಲ್ಲಾರ ಮುಂದ ಅಷ್ಟು ಬೈದ್ರಲ್ಲ. ಅದೊಂದು ತಡಕೊಳ್ಳಾಕ ಆಗಲಿಲ್ಲ."

ಹೀಗೆ ಒಬ್ಬರನ್ನೊಬ್ಬರು ತಪ್ಪು ತಿಳಿದು, ಒಬ್ಬರಿಗಾಗಿ ಒಬ್ಬರು ಸುಟ್ಟುಕೊಂಡಿದ್ದರು. ಅವಳು ಕಣ್ಣೊರೆಸಿಕೊಳ್ಳಲೂ ಇಲ್ಲ. ಮನೆಗೆ ಬನ್ನಿ, ಅಪ್ಪನ ಮುಂದೆ ಹೇಳುತ್ತೇನೆ ಎಂದಳು. ಅವನು ಬೇಡವೆಂದ. ಹೇಳಿದರೆ ಕೀಲಿ ಹೋಗುತ್ತದೆ, ಅದರ ಬದಲು ತಾನು ಹೋಗುವುದೇ ವಾಸಿ ಎಂದ.

"ಕೀಲಿ ಇದ್ದು ಬಾಜೂಕಿನ ಸೀಟ್ ಖಾಲಿ ಇದ್ರ," ಎಂದಳು ಸುವರ್ಣಾ, "ಆ ಗಾಡಿ ಎಲ್ಲಿಗೆ ಓಡಸಲಿ ನಾ?"

ಅವನು ಸುಮ್ಮನೆ ಬಂದು ಗಾಡಿ ಹತ್ತಿದ.

ಮನೆಯ ಪಡಸಾಲೆಯಲ್ಲಿ ಸುಂದರಾಬಾಯಿ ರೊಟ್ಟಿ ಎಣಿಸಿ ಬಟ್ಟೆ ಮುಚ್ಚುತ್ತಿದ್ದರು. ಬಂಡೆಪ್ಪ ಆಗ ತಾನೇ ಊಟ ಮುಗಿಸಿದ್ದರು. ವಿಜಯಕುಮಾರನನ್ನು ನೋಡಿ ಅವರ ಹುಬ್ಬು ಗಂಟಾಯಿತು. ಸುವರ್ಣಾ ಕೀಲಿಯನ್ನು ತಂದೆಯ ಮುಂದೆ ನೆಲದ ಮೇಲಿಟ್ಟು, ನಡೆದದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ಮಾತು ನನ್ನದು, ಕೈ ಅಷ್ಟೇ ಅವರದು ಎಂದಳು. ಅಮರೇಶಪ್ಪನವರ ಮನೆಗೆ ತಾನು ಹೋಗುವವಳಲ್ಲ ಎಂದೂ ಅದೇ ಉಸಿರಿನಲ್ಲಿ ಹೇಳಿಬಿಟ್ಟಳು.

ಬಂಡೆಪ್ಪ ನಂಬಲಿಲ್ಲ. ಹುಡುಗನನ್ನು ಉಳಿಸಿಕೊಳ್ಳಲು ಹೂಡಿದ ಆಟ ಎಂದರು. ಪಚ್ಚ ಅಂದರೆ ಹಳದಿ ಎಂದು ತಿಳಿಯದ ಕನ್ನಡದವರು ಯಾರಿದ್ದಾರೆ ಎಂದು ಗದರಿದರು.

"ನಾ ಅದೀನಿ," ಎಂದರು ಸುಂದರಾಬಾಯಿ.

ಎಲ್ಲರೂ ಅವರ ಕಡೆ ತಿರುಗಿದರು. ಅವರ ತವರೂ ಬಾಗಲಕೋಟೆಯ ಕಡೆಯೇ. ಬಟ್ಟೆಯ ಮಡಿಕೆ ಸರಿಮಾಡುತ್ತಲೇ ಮಾತಾಡಿದರು.

"ಇಕಿ ಹೊಟ್ಟ್ಯಾಗ ಇದ್ದಾಗ ನನ್ನ ಕುಬಸಕ್ಕ ಪಚ್ಚ ಸೀರಿ ತರ್ತೀನಂತ ಹೇಳಿ ನೀವು ಪ್ಯಾಟಿಗೆ ಹೋದ್ರಿ. ಬಸರಿ ಹೆಂಗಸು ಕುಬಸಕ್ಕ ಹಸರು ಸೀರಿ ಉಡೂದು ನಮ್ಮ ಪದ್ಧತಿ. ಹಸರು ಬರ್ತದಂತ ನಾ ಹಸರ ಬಳಿ ಇಟ್ಟಕೊಂಡು ಕುಂತಿದ್ದೆ. ನೀವು ಅರಿಶಿಣ ಬಣ್ಣದ್ದು ತಂದ್ರಿ. ಅದನ್ನ ಉಟಗೊಂಡೆ. ಬಂದ ಹೆಂಗಸರು ಏನೇನೋ ಅಂದ್ರು."

ಗದರಲು ಎತ್ತಿದ ಕೈಯನ್ನು ಬಂಡೆಪ್ಪ ಇಳಿಸಿದರು. ಹೆಂಡತಿಯ ಮುಖವನ್ನು ಹೊಸದಾಗಿ ಕಂಡವರಂತೆ ನೋಡಿದರು.

"ಯಾಕ ಹೇಳಲಿಲ್ಲ?"

"ಎಷ್ಟು ಖುಷಿಲೆ ತಂದಿದ್ರಿ. ಹೆಂಗ ಹೇಳಲಿ?"

ಒಲೆಯ ಮೇಲಿನ ಹಂಚು ಸುಮ್ಮನೆ ಕಾಯುತ್ತಿತ್ತು. ಬಂಡೆಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ವಿಜಯಕುಮಾರನ ಕಡೆ ನೋಡಿದರು.

"ನೀನೂ ಹಿಂಗ ಸುಮ್ಮನ ಇರಾವನೇನು, ತಮ್ಮಾ?"

"ಹೌದ್ರಿ."

"ಬ್ಯಾಡಪಾ. ಮನ್ಯಾಗಿನ ಮಂದಿ ಹಂಗ ಇರಬಾರದು. ಕುಂತು ಉಣ್ಣು."

ಆದರೆ ಕೀಲಿಯನ್ನು ಎತ್ತಿ ತಮ್ಮ ಜೇಬಿಗೆ ಹಾಕಿಕೊಂಡರು. ಆಡಿದ ಮಾತು ಆಡಿದ್ದೇ, ಸ್ವಲ್ಪ ದಿನ ನನ್ನ ಹತ್ತಿರ ಇರಲಿ, ಆಮೇಲೆ ನೋಡೋಣ ಎಂದರು. ಅಮರೇಶಪ್ಪನವರಿಗೆ ಫೋನ್ ಮಾಡಿ ಬರುತ್ತೇನೆಂದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಸುಂದರಾಬಾಯಿ, ಬದನೆಕಾಯಿ ಪಲ್ಯ ಬಿಸಿ ಮಾಡಬೇಕು ಎನ್ನುತ್ತ ಒಳಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ.

ಪಡಸಾಲೆಯಲ್ಲಿ ಇಬ್ಬರೇ ಉಳಿದರು. ಸುವರ್ಣಾ ಒಳಗಿಂದ ಪಲ್ಯ ಬಡಿಸಿದ ತಾಟು ತಂದಿಟ್ಟಳು. ಅವನು ಊಟಕ್ಕೆ ಕೈ ಹಾಕಲಿಲ್ಲ.

"ನಿಮ್ಮ ಕೀಲಿ ಹೋತು," ಎಂದ.

"ಹೋತು."

"ನನ್ನ ಸಲುವಾಗಿ."

"ಉಣ್ರಿ, ಆರ್ತದ."

ಅವನು ತಲೆ ಎತ್ತಿದ. ವ್ಯಾನಿನ ಕನ್ನಡಿಯಲ್ಲಿ ಕದ್ದು ನೋಡುತ್ತಿದ್ದ ಕಣ್ಣುಗಳಲ್ಲ ಇವು. ಕಿವಿ ಕೆಂಪಾಗಿತ್ತು, ಆದರೂ ನೋಟ ಕದಲಲಿಲ್ಲ. ಕಾಕಾರು ಹೇಳಿದ್ದಾರಲ್ಲ, ಇನ್ನು ಸುಮ್ಮನಿರಬಾರದಂತೆ ಎಂದ. ಅವಳು ರೊಟ್ಟಿ ಬಡಿಸಲು ಚಾಚಿದ ಕೈ ಹಾಗೆಯೇ ನಿಂತಿತು.

"ಸುವರ್ಣಾ, ನಿನ್ನ ಮ್ಯಾಲ ನಂದು ಭಾಳ ಜೀವ ಐತಿ. ನಿನ್ನ ಬಿಟ್ಟು ನಾ ಎಲ್ಲಿಗೂ ಹೋಗೂದಿಲ್ಲ."

ಇಷ್ಟು ದಿನ ಅವಳನ್ನು ಬಹುವಚನದಲ್ಲೇ ಕರೆದಿದ್ದವನ ಬಾಯಿಂದ ಆ ‘ನಿನ್ನ’ ಬಂದಿತ್ತು. ಹೊರಗೆ ತಂದೆ ಫೋನಿನಲ್ಲಿ ಅಮರೇಶಪ್ಪನವರಿಗೆ ಸಮಾಧಾನ ಹೇಳುತ್ತಿದ್ದರು. ಸುವರ್ಣಾ ಅವನ ತಾಟಿನ ಪಕ್ಕ ನೆಲದ ಮೇಲೆ ಕೂತಳು, ರೊಟ್ಟಿಯ ಅಂಚು ಮುರಿದು ಪಲ್ಯಕ್ಕೆ ಹಚ್ಚಿ ಅವನ ಕೈಗಿಟ್ಟಳು.

"ಮೊದಲ ಉಣ್ಣು," ಎಂದಳು. "ಆಮ್ಯಾಲ ಅದನ್ನ ಇನ್ನೊಮ್ಮೆ ಹೇಳು."